ಫೋಟೋದಲ್ಲಿ ಇಲ್ಲದ್ದನ್ನು ಬರೆಯೋಣ

ರಜೆ ಮುಗಿಸಿ ಬಂದ ಮಕ್ಕಳಿಗೆ 'ನಾನು ರಜೆ ಕಳೆದ ಬಗೆ' ಅಂತ ಪ್ರಬಂಧ ಬರೆಯಲು ಹೇಳಿದರೆ ಏನು ಬರುತ್ತದೆ ಅನ್ನುವುದು ಪಾಠ ಮಾಡುವ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಎದ್ದೆವು, ಹೊರಟೆವು, ತಲುಪಿದೆವು, ನೋಡಿದೆವು, ತುಂಬಾ ಖುಷಿಯಾಯಿತು. ಅದರಲ್ಲಿ ಸುಳ್ಳು ಒಂದೂ ಇರುವುದಿಲ್ಲ. ಆದರೆ ಬರೆದ ಮಗು ಅದರಲ್ಲಿ ಎಲ್ಲೂ ಕಾಣಿಸುವುದಿಲ್ಲ. ಮೂವತ್ತು ಪ್ರಬಂಧಗಳ ಮೇಲಿನ ಹೆಸರು ಅಳಿಸಿದರೆ ಯಾವುದು ಯಾರದ್ದು ಅಂತ ಹೇಳುವುದೇ ಕಷ್ಟ. ಅದಕ್ಕೇ ಪ್ರಬಂಧವನ್ನು ಪಕ್ಕಕ್ಕಿಟ್ಟು, ಫೋಟೋ ಮತ್ತು ಪುಟ್ಟ ಕವಿತೆ ಎರಡನ್ನೇ ಹಿಡಿದುಕೊಂಡೆ. ಮೂರು ಸಾಲು, ಜಾಸ್ತಿ ಅಂದರೆ ನಾಲ್ಕು. ನನ್ನ ತರಗತಿಯ ಮಕ್ಕಳ ವಯಸ್ಸು 11–12. ಅದಕ್ಕಿಂತ ಚಿಕ್ಕವರಿಗೂ ದೊಡ್ಡವರಿಗೂ ಇದು ಒಗ್ಗುತ್ತದೆ.

ಫೋಟೋ ತರಲು ಹೇಳುವಾಗಲೇ ಅರ್ಧ ಕೆಲಸ ಆಗಿಬಿಡುತ್ತದೆ ಅಂತ ನನ್ನ ನಂಬಿಕೆ. ಸುಮ್ನೆ 'ರಜೆಯ ಫೋಟೋ ತನ್ನಿ' ಅಂದರೆ ಎಲ್ಲರೂ ಸಾಲಾಗಿ ನಿಂತು ನಗುತ್ತಿರುವ ಫೋಟೋಗಳೇ ಬರುತ್ತವೆ. ನಾನು ಮೂರು ಬಗೆಯದ್ದು ಕೇಳಿದೆ. ಒಂದು, ನಿಮಗೆ ತುಂಬಾ ಇಷ್ಟವಾದದ್ದು. ಇನ್ನೊಂದು, ಚೆನ್ನಾಗಿ ಬಂದಿಲ್ಲ ಅಂತ ಯಾರಿಗೂ ತೋರಿಸದೆ ಬಿಟ್ಟದ್ದು. ಅಲುಗಾಡಿದ್ದು, ಕತ್ತಲಾದದ್ದು, ಬೆರಳು ಅಡ್ಡ ಬಂದದ್ದು, ಯಾವುದಾದರೂ ಸರಿ. ಮತ್ತೊಂದರಲ್ಲಿ ಮನುಷ್ಯರೇ ಇರಬಾರದು. ಒಳ್ಳೆಯ ಕವಿತೆಗಳೆಲ್ಲ ಹೆಚ್ಚುಕಡಿಮೆ ಈ ಎರಡನೆಯ ಮತ್ತು ಮೂರನೆಯ ಬಗೆಯ ಫೋಟೋಗಳಿಂದಲೇ ಬಂದವು. ಕಾರಣ ಯೋಚಿಸಿದರೆ ಸರಳ. ನಗುವ ಫೋಟೋ ತೆಗೆಯಲು ಎಲ್ಲರೂ ಮಾಡುತ್ತಿದ್ದದ್ದನ್ನು ನಿಲ್ಲಿಸಿ ಕ್ಯಾಮೆರಾ ನೋಡಿರುತ್ತಾರೆ. ಆಟ ನಿಂತಿರುತ್ತದೆ, ಮಾತು ನಿಂತಿರುತ್ತದೆ. ಕೆಟ್ಟುಹೋದ ಫೋಟೋದಲ್ಲಿ ಯಾವುದೂ ನಿಂತಿರುವುದಿಲ್ಲ. ಅಲ್ಲಿ ರಜೆ ಇನ್ನೂ ನಡೆಯುತ್ತಿರುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳ ಫೋಟೋ ಅಂದರೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಫೋನಿನಲ್ಲಿ ತೆಗೆದ ಫೋಟೋದೊಳಗೆ ದಿನಾಂಕ, ಸಮಯ ಅಡಗಿರುತ್ತವೆ. ಲೊಕೇಶನ್ ಆನ್ ಇದ್ದರೆ ಜಾಗದ ವಿವರವೂ ಸೇರಿರುತ್ತದೆ. ಕಾಗದದ ಮೇಲೆ ಪ್ರಿಂಟ್ ಹಾಕಿ ತಂದರೆ ಆ ಚಿಂತೆ ಇಲ್ಲ. ಕಳಿಸಲೇಬೇಕಾದರೆ ಮೂಲ ಫೋಟೋದ ಬದಲು ಅದರ ಸ್ಕ್ರೀನ್‌ಶಾಟ್ ಕಳಿಸಿ ಅಂತ ಹೇಳಿದೆ. ಬೇರೆ ಮಕ್ಕಳ ಮುಖ ಸ್ಪಷ್ಟವಾಗಿ ಕಾಣುವ ಫೋಟೋಗಳನ್ನು ಗೋಡೆಗೆ ಹಚ್ಚಲಿಲ್ಲ.

ಪ್ರಿಂಟ್ ಹಾಕಿದ್ದು ಕಪ್ಪು ಬಿಳುಪಿನಲ್ಲಿ, ಒಂದು ಎ4 ಹಾಳೆಗೆ ನಾಲ್ಕರಂತೆ. ಖರ್ಚು ಉಳಿಯಲಿ ಅಂತ ಮಾಡಿದ ಈ ಏರ್ಪಾಡಿನಿಂದ ದೊಡ್ಡ ಲಾಭವೇ ಆಯಿತು. ಬಣ್ಣ ಇಲ್ಲದ ಫೋಟೋ ಕೈಗೆ ಬಂದ ಕೂಡಲೇ ಮಕ್ಕಳು ಬಣ್ಣದ ಬಗ್ಗೆ ಮಾತಾಡಲು ಶುರು ಮಾಡಿದರು. 'ಈ ಕೊಡೆ ಕೆಂಪು ಟೀಚರ್, ಇಲ್ಲಿ ಕಾಣಲ್ಲ ಅಷ್ಟೇ.' ಇಲ್ಲಿ ಕಾಣಲ್ಲ ಅಷ್ಟೇ ಅನ್ನುವ ಆ ಮಾತೇ ಮುಂದಿನ ಎಲ್ಲ ಕೆಲಸಕ್ಕೂ ದಾರಿ ತೋರಿಸಿತು. ಫೋಟೋದಲ್ಲಿ ಇರುವುದನ್ನು ಫೋಟೋ ಆಗಲೇ ಹೇಳಿಯಾಗಿದೆ. ಕವಿತೆ ಹೇಳಬೇಕಾದದ್ದು ಉಳಿದದ್ದನ್ನು.

ತಮ್ಮ ಫೋಟೋ ಮುಟ್ಟುವ ಮೊದಲು ಎಲ್ಲರೂ ಸೇರಿ ಒಂದೇ ಫೋಟೋ ನೋಡಿದೆವು. ಯಾರು ಬೇಕಾದರೂ ಬಳಸಬಹುದು ಅಂತ ತೆಗೆದವರೇ ಬಿಟ್ಟುಕೊಟ್ಟ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯ ಸಿಸಿ-ಜೀರೋ (CC0) ಗುರುತು ಇದ್ದರೆ ತೆಗೆದವರ ಹೆಸರು ಹಾಕಬೇಕಾದ ಕಟ್ಟುಪಾಡೂ ಇಲ್ಲ. ನಾನು ಆರಿಸಿದ್ದು ಖಾಲಿ ಪ್ಲಾಟ್‌ಫಾರ್ಮಿನ ಮೇಲೆ ಒಂಟಿಯಾಗಿ ನಿಂತ ಒಂದು ಸೂಟ್‌ಕೇಸಿನ ಫೋಟೋ. ಅದನ್ನು ಮುಂದಿಟ್ಟು ಮೂರು ಪ್ರಶ್ನೆ ಕೇಳಿದೆ. ಇಲ್ಲಿ ಏನು ನಡೀತಾ ಇದೆ? ಹಾಗಂತ ಅನ್ನಿಸಲು ನಿನಗೆ ಏನು ಕಾಣಿಸಿತು? ಇನ್ನೇನು ಕಾಣುತ್ತದೆ? ಈ ಪ್ರಶ್ನೆಗಳು ನನ್ನವಲ್ಲ. ಅಬಿಗೇಲ್ ಹೌಸನ್ ಮತ್ತು ಫಿಲಿಪ್ ಯೆನವೈನ್ ಎಂಬಿಬ್ಬರು ಮ್ಯೂಸಿಯಂನಲ್ಲಿ ಚಿತ್ರ ನೋಡುವವರಿಗಾಗಿ ರೂಪಿಸಿದ ಪದ್ಧತಿ ಇದು. ಮೂರರಲ್ಲಿ ಎರಡನೆಯ ಪ್ರಶ್ನೆಗೆ ಬೆಲೆ ಜಾಸ್ತಿ. 'ಯಾರೋ ರೈಲು ತಪ್ಪಿಸಿಕೊಂಡಿದ್ದಾರೆ' ಅಂತ ಒಬ್ಬ ಹೇಳಿದ. ಯಾಕೆ ಹಾಗನ್ನಿಸಿತು ಅಂತ ಕೇಳಿದರೆ, 'ಹಿಡಿ ಇನ್ನೂ ಮೇಲೆ ಎಳೆದೇ ಇದೆ, ಅಂದರೆ ಈಗ ತಾನೇ ಕೈ ಬಿಟ್ಟಿದ್ದಾರೆ' ಅಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಡಿಯನ್ನು ಎಲ್ಲರೂ ನೋಡಿದ್ದರು, ಕೈಯನ್ನು ನೋಡಿದವನು ಅವನೊಬ್ಬನೇ. ಫೋಟೋದಲ್ಲಿ ಕೈ ಇರಲೇ ಇಲ್ಲ.

ಆಮೇಲೆ ತಮ್ಮ ತಮ್ಮ ಫೋಟೋ. ಒಂದು ನಿಮಿಷ ನೋಡಿ, ಮಗುಚಿ ಇಡಿ ಅಂದೆ. ಮಗುಚಿದ ಮೇಲೆ ನೆನಪಿಗೆ ಬಂದದ್ದನ್ನೆಲ್ಲ ಬಿಡಿ ಪದಗಳಲ್ಲಿ ಬರೆಯಬೇಕು, ವಾಕ್ಯ ಬೇಡ. ಮತ್ತೆ ತಿರುಗಿಸಿ ನೋಡಿದಾಗ ಬಿಟ್ಟುಹೋದದ್ದು ಏನು, ಇಲ್ಲದ್ದು ಏನು ಸೇರಿದೆ ಅಂತ ಗುರುತು ಮಾಡಬೇಕು. ಇಲ್ಲದ್ದು ಸೇರಿದ್ದರೆ ಅದರ ಕೆಳಗೆ ಗೀಟು ಎಳೆಯಿರಿ ಅಂದೆ. ಬಹಳ ಮಕ್ಕಳಿಗೆ ಅದನ್ನು ಹೊಡೆದುಹಾಕಬೇಕು ಅನ್ನಿಸಿತ್ತು. ಫೋಟೋದಲ್ಲಿ ಇಲ್ಲದ್ದನ್ನು ನೆನಪು ತಾನಾಗಿಯೇ ತಂದು ಹಾಕಿದೆ ಅಂದರೆ ಅದು ಮಗುವಿನೊಳಗೆ ಇತ್ತು ಅಂತ ಅರ್ಥ ಅಲ್ವಾ? ಅದನ್ನು ಬಿಡಬಾರದು.

ಈಗ ಪ್ರಶ್ನೆಗಳ ಚೀಟಿ ಕೊಟ್ಟೆ. ಫೋಟೋ ತೆಗೆದವರು ಯಾರು, ಅವರು ಎಲ್ಲಿ ನಿಂತಿದ್ದರು? ಚೌಕಟ್ಟಿನ ಎಡಕ್ಕೆ, ಬಲಕ್ಕೆ, ಹಿಂದೆ ಏನಿತ್ತು? ಕ್ಲಿಕ್ ಆಗುವ ಮುಂಚಿನ ನಿಮಿಷ ಏನಾಗಿತ್ತು, ಆದ ಮೇಲೆ ಏನಾಯಿತು? ಆಗ ಯಾವ ಸದ್ದು ಕೇಳುತ್ತಿತ್ತು, ಯಾವ ವಾಸನೆ ಬರುತ್ತಿತ್ತು? ಕಾಲ ಕೆಳಗೆ ನೆಲ ಹೇಗಿತ್ತು? ಸದ್ದು, ವಾಸನೆ, ಬಿಸಿ, ತಂಪು ಇವು ಯಾವ ಫೋಟೋದಲ್ಲೂ ಇರುವುದಿಲ್ಲ. ಆದ್ದರಿಂದ ಇದಕ್ಕೆ ಉತ್ತರ ಕೊಡಬೇಕಾದರೆ ಮಗು ಅಲ್ಲಿಗೆ ಮತ್ತೆ ಹೋಗಲೇಬೇಕು.

ಒಬ್ಬ ಹುಡುಗಿ ಸಮುದ್ರದ ಫೋಟೋ ತಂದಿದ್ದಳು. ಅವಳು, ತಮ್ಮ, ಅಮ್ಮ ನೀರಿನಂಚಿನಲ್ಲಿ ನಿಂತಿದ್ದಾರೆ. ಮೊದಲು ಬರೆದದ್ದು ಹೀಗಿತ್ತು:

ಸಮುದ್ರ ತುಂಬಾ ಚೆನ್ನಾಗಿತ್ತು
ನಾವೆಲ್ಲ ನೀರಲ್ಲಿ ಆಡಿದೆವು
ತುಂಬಾ ಮಜಾ ಬಂತು

ಯಾರು ತೆಗೆದ ಫೋಟೋ ಇದು ಅಂತ ಕೇಳಿದೆ. 'ಅಪ್ಪ' ಅಂದಳು. ಅಪ್ಪ ಇರುವ ಫೋಟೋ ಯಾವುದು? ಅವಳು ತಂದಿದ್ದ ಮೂರನ್ನೂ ನೋಡಿದಳು. ಇಲ್ಲ. ಮತ್ತೆ ಕೂತು ನೋಡಿದಳು. ನಾನು ಬೇರೆ ಮಕ್ಕಳ ಹತ್ತಿರ ಹೋಗಿ ವಾಪಸ್ ಬರುವಷ್ಟರಲ್ಲಿ ಇದನ್ನು ಬರೆದಿಟ್ಟಿದ್ದಳು:

ಯಾವ ಫೋಟೋದಲ್ಲೂ ಅಪ್ಪ ಇಲ್ಲ.
ಇದೊಂದರಲ್ಲಿ ಅಪ್ಪನ ನೆರಳು
ನನ್ನ ಕಾಲಿನ ತನಕ ಬಂದಿದೆ.

ಇದರಲ್ಲಿ ನಾನು ತಿದ್ದಿದ್ದು ಏನೂ ಇಲ್ಲ. ಫೋಟೋದ ಕೆಳಗಿನ ಮೂಲೆಯಲ್ಲಿ ನಿಜಕ್ಕೂ ಒಂದು ಉದ್ದನೆಯ ನೆರಳಿತ್ತು. ನಾನೂ ಅದನ್ನು ನೋಡಿರಲಿಲ್ಲ. ಸಮುದ್ರ ಅನ್ನುವ ಪದವೇ ಕವಿತೆಯಿಂದ ಹೋಗಿಬಿಟ್ಟಿದೆ, ಅದರಿಂದ ಏನೂ ಕಮ್ಮಿಯಾಗಿಲ್ಲ. ಪಕ್ಕದಲ್ಲಿ ಫೋಟೋ ಇದೆಯಲ್ಲ, ಸಮುದ್ರವನ್ನು ಅದು ನೋಡಿಕೊಳ್ಳುತ್ತದೆ.

ಫೋಟೋದಲ್ಲಿ ಬಹಳ ಸಂಗತಿಗಳು ತುಂಬಿಕೊಂಡಿದ್ದರೆ ಮಕ್ಕಳಿಗೆ ಎಲ್ಲಿಂದ ಹಿಡಿಯಬೇಕು ಅಂತ ತೋಚುವುದಿಲ್ಲ. ಅದಕ್ಕೆ ರಟ್ಟಿನ ತುಂಡುಗಳಿಂದ ಎರಡು ಮೂಲೆಪಟ್ಟಿ ಕತ್ತರಿಸಿಕೊಟ್ಟೆ. ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಎರಡನ್ನೂ ಎದುರುಬದುರು ಇಟ್ಟರೆ ಒಂದು ಚೌಕಟ್ಟು ಆಗುತ್ತದೆ, ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಫೋಟೋ ಮೇಲೆ ಅದನ್ನು ಸರಿಸುತ್ತಾ ಹೋಗಿ ಒಂದು ಪುಟ್ಟ ಜಾಗದಲ್ಲಿ ನಿಲ್ಲಿಸಬೇಕು. ದೊಡ್ಡ ಗುಂಪಿನ ಫೋಟೋ ತಂದ ಹುಡುಗ ಹೀಗೆ ಸರಿಸುತ್ತಾ ಕೊನೆಗೆ ನಿಂತದ್ದು ಎರಡು ಕೈಗಳ ಮೇಲೆ. ಅತ್ತೆಯ ಕೈ ಅಜ್ಜಿಯ ತೋಳು ಹಿಡಿದಿದೆ. ಇಪ್ಪತ್ತು ಜನರ ಫೋಟೋದಲ್ಲಿ ಅದನ್ನು ಬರಿಗಣ್ಣಿಗೆ ಹುಡುಕುವುದು ಸಾಧ್ಯವೇ ಇರಲಿಲ್ಲ.

ಪದಗಳ ವಿಷಯದಲ್ಲಿ ಒಂದೇ ನಿಯಮ. ತುಂಬಾ, ಸುಂದರ, ಖುಷಿ, ಮಜಾ, ಮರೆಯಲಾಗದ, ಈ ಐದು ಪದ ಬಳಸಬಾರದು. ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ. ಖುಷಿ ಪಡಬಾರದು ಅಂತ ಅಲ್ಲ, ಖುಷಿಯಾದಾಗ ಮೈ ಏನು ಮಾಡಿತು ಅಂತ ಬರೆಯಲಿ ಅಂತ. ಕುಣಿದೆಯಾ? ಮಾತು ನಿಂತಿತಾ? ನಿದ್ದೆ ಬರಲಿಲ್ವಾ? ಅದನ್ನು ಬರೆ.

ಇನ್ನು ಆಕಾರದ ಮಾತು. ಪುಟ್ಟ ಕವಿತೆ ಅಂದ ಕೂಡಲೇ ಜಪಾನಿನ ಮೂರು ಸಾಲಿನ ಹೈಕು ನೆನಪಾಗುತ್ತದೆ, ಅದರ ಸಾಲುಗಳ 5-7-5 ಲೆಕ್ಕವೂ ನೆನಪಾಗುತ್ತದೆ. ಆದರೆ ಜಪಾನಿಯರ ಎಣಿಕೆ ನಮ್ಮ ಅಕ್ಷರ ಎಣಿಕೆಯಂತಲ್ಲ. ಅವರಲ್ಲಿ ದೀರ್ಘ ಸ್ವರಕ್ಕೆ ಎರಡು ಲೆಕ್ಕ. ನಮ್ಮಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಅಂತ ಮಾತ್ರೆ ಹಾಕುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಕ್ರಿಯಾಪದಗಳು ಉದ್ದ. 'ಆಡಿಕೊಳ್ಳುತ್ತಿದ್ದೆವು' ಅಂತ ಒಂದು ಪದ ಬರೆದರೆ ಏಳು ಅಕ್ಷರ ಮುಗಿಯಿತು, ನಡುವಿನ ಸಾಲು ಪೂರ್ತಿ ಹೋಯಿತು. ಹಾಗಾಗಿ ಅಕ್ಷರ ಎಣಿಸುವುದನ್ನು ಕಡ್ಡಾಯ ಮಾಡಲಿಲ್ಲ. ಎಣಿಸಲು ಇಷ್ಟಪಡುವ ಮಕ್ಕಳು ಇದ್ದೇ ಇರುತ್ತಾರೆ. ಅವರು ಬೆರಳು ಮಡಿಚಿ ಎಣಿಸಲಿ. ಬೆಟ್ಟದ ಮೇಲೆ ತೆಗೆದ, ಬರೀ ಬೆಳ್ಳಗೆ ಕಾಣುವ ಫೋಟೋವನ್ನು 'ಕೆಟ್ಟುಹೋದದ್ದು' ಅಂತ ತಂದ ಹುಡುಗ ಎಣಿಸಿ ಎಣಿಸಿ ಬರೆದದ್ದು ಇದು:

ಬೆಟ್ಟದ ತುದಿ
ನಾವು ಏರಿದ ದಾರಿ
ಮಂಜು ನುಂಗಿತು

ಅಕ್ಷರ ಸರಿಯಾಗಿ ಐದು, ಏಳು, ಐದು. ಏನೂ ಕಾಣದ ಫೋಟೋಗೆ ಇದಕ್ಕಿಂತ ಒಳ್ಳೆಯ ಜೊತೆ ಬೇಕಾ?

ಉಳಿದವರಿಗೆ ಪದ ಎಣಿಸುವ ಪದ್ಯವೇ ಸಲೀಸು. ಅಮೆರಿಕದ ಕವಿ ಜ್ಯಾಕ್ ಕಾಲಮ್ ಮಕ್ಕಳಿಗೆ ಕವಿತೆ ಕಲಿಸುತ್ತಾ ಬಳಸಿದ ಒಂದು ಆಕಾರವಿದೆ, ಅದಕ್ಕೆ ಲೂನ್ ಅನ್ನುತ್ತಾರೆ. ಮೊದಲ ಸಾಲಿಗೆ ಮೂರು ಪದ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಮತ್ತೆ ಮೂರು. ಪದ ಎಷ್ಟೇ ಉದ್ದ ಇದ್ದರೂ ಲೆಕ್ಕಕ್ಕೆ ಒಂದೇ. ವಿಭಕ್ತಿ, ಪ್ರತ್ಯಯ ಎಲ್ಲ ಒಂದೇ ಪದದಲ್ಲಿ ಅಂಟಿಕೊಳ್ಳುವ ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಹನ್ನೊಂದು ಪದದಲ್ಲಿ ನಾವು ಎಷ್ಟೊಂದು ಹೇಳಬಹುದು! ಒಬ್ಬಳು ಮನುಷ್ಯರಿಲ್ಲದ ಫೋಟೋ ಇಟ್ಟುಕೊಂಡು ಬರೆದಳು:

ಮೆಟ್ಟಿಲ ಮೇಲೆ ಚಪ್ಪಲಿಗಳು
ಒಂದು ಜೊತೆ ಮಾತ್ರ ಹೊರಗೆ ತಿರುಗಿದೆ
ನಾಳೆ ನಾನು ಹೊರಡಬೇಕು

ಅಮೆರಿಕದ ಕವಿ ಅಡಿಲೇಡ್ ಕ್ರಾಪ್ಸಿಯ ಐದು ಸಾಲಿನ ಸಿಂಕ್ವೇನ್ ಅನ್ನುವ ಪದ್ಯವೂ ಇದೆ, ಪದವಲ್ಲ, ಅಕ್ಷರ ಎಣಿಸುವ 2-4-6-8-2 ಲೆಕ್ಕದ್ದು. ದೊಡ್ಡ ತರಗತಿಯವರು ಪ್ರಯತ್ನಿಸಬಹುದು. ನಮ್ಮ ಚುಟುಕವನ್ನೂ ಮಕ್ಕಳು ಕೇಳಿದರು. ದಿನಕರ ದೇಸಾಯಿ (1909–1982) ನಾಲ್ಕು ಸಾಲಿನ ಚುಟುಕವನ್ನು ಮನೆಮನೆಗೆ ಮುಟ್ಟಿಸಿದವರು, ಆ ಪ್ರಾಸದ ರುಚಿ ಮಕ್ಕಳಿಗೆ ಬೇಗ ಹತ್ತುತ್ತದೆ. ಆದರೂ ಈ ಕೆಲಸದ ಮೊದಲ ಸುತ್ತಿನಲ್ಲಿ ಪ್ರಾಸ ಬೇಡ ಅಂದೆ. 'ಮರಳು' ಅಂತ ಬರೆದ ಕೂಡಲೇ ಮಗುವಿನ ಕಣ್ಣು ಫೋಟೋ ಬಿಟ್ಟು 'ಕೊರಳು', 'ಬೆರಳು' ಹುಡುಕಲು ಹೊರಡುತ್ತದೆ. ಕಂಡದ್ದು ಮೊದಲು ಕಾಗದಕ್ಕೆ ಬರಲಿ, ಪ್ರಾಸ ಬೇಕಿದ್ದರೆ ಎರಡನೇ ಸುತ್ತಿನಲ್ಲಿ ಬರುತ್ತದೆ.

ನನಗೆ ತುಂಬಾ ಮುಖ್ಯ ಅನ್ನಿಸಿದ ವಿಷಯಕ್ಕೆ ಈಗ ಬರುತ್ತೇನೆ. ಎಲ್ಲ ಮಕ್ಕಳೂ ರಜೆಯಲ್ಲಿ ಎಲ್ಲಿಗೋ ಹೋಗಿರುವುದಿಲ್ಲ. ಕೆಲವರ ಮನೆಯಲ್ಲಿ ಫೋಟೋ ತೆಗೆಯುವ ಫೋನ್ ಮಗುವಿನ ಕೈಗೆ ಸಿಗುವುದೇ ಇಲ್ಲ. ರಜೆಯ ಕವಿತೆ ಅಂದ ಕೂಡಲೇ ಈ ಮಕ್ಕಳು ತಲೆ ತಗ್ಗಿಸಿಬಿಟ್ಟರೆ ಇಡೀ ಪಾಠವೇ ದಂಡ. ಅದಕ್ಕೆ ಎರಡು ದಾರಿ ಮಾಡಿಕೊಂಡೆ. ಬೇಕಾದವರು ಆರಿಸಿಕೊಳ್ಳಲಿ ಅಂತ ಒಂದು ಡಬ್ಬಿ ತುಂಬ ಫೋಟೋ ಪ್ರಿಂಟ್ ಹಾಕಿಸಿ ಇಟ್ಟೆ. ಕಿಟಕಿ, ಖಾಲಿ ಉಯ್ಯಾಲೆ, ಮಳೆ ನೀರಿನ ಗುಂಡಿ, ಮಲಗಿದ ನಾಯಿ, ಬೀಗ ಹಾಕಿದ ಗೇಟು. ಎರಡನೆಯದು, 'ಫೋಟೋ ಇಲ್ಲದ ಫೋಟೋ'. ಒಂದು ಖಾಲಿ ಚೌಕ ಎಳೆದು, ಆ ರಜೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಯಾವ ಕ್ಷಣ ಹಿಡಿಯುತ್ತಿದ್ದೆ ಅಂತ ಅದರೊಳಗೆ ಬರೆಯುವುದು. ಇದನ್ನು ಎಲ್ಲರಿಗೂ ತೆರೆದಿಟ್ಟೆ, ಫೋಟೋ ಇದ್ದವರಿಗೂ. ಯಾರಿಗೆ ಯಾಕೆ ಅಂತ ಪ್ರಶ್ನೆಯೇ ಬರಬಾರದು ನೋಡಿ.

ಮಕ್ಕಳಿಗೆ ಮಸಾಓಕಾ ಶಿಕಿಯ ವಿಷಯ ಹೇಳಿದೆ. 1867ರಲ್ಲಿ ಹುಟ್ಟಿ 1902ರಲ್ಲಿ ತೀರಿಕೊಂಡ ಜಪಾನಿನ ಕವಿ. ಹೈಕು ಅನ್ನುವ ಹೆಸರು ಬಳಕೆಗೆ ಬಂದದ್ದು ಅವನಿಂದ. ಚಿತ್ರಕಾರರು ಎದುರಿಗಿರುವುದನ್ನು ನೋಡಿ ಗೆರೆ ಎಳೆಯುವಂತೆ ಕವಿಯೂ ಕಂಡದ್ದನ್ನು ನೋಡಿ ಬರೆಯಬೇಕು ಅಂತ ಅವನು ಹೇಳುತ್ತಿದ್ದ. ಕ್ಷಯ ಬೆನ್ನುಮೂಳೆಗೆ ಹಬ್ಬಿ ಕೊನೆಯ ವರ್ಷಗಳನ್ನು ಹಾಸಿಗೆಯ ಮೇಲೇ ಕಳೆದ. ಮಲಗಿದಲ್ಲಿಂದ ಕಾಣುವ ಪುಟ್ಟ ತೋಟವೇ ಅವನ ಲೋಕ. ಅಷ್ಟನ್ನೇ ನೋಡುತ್ತಾ ಬರೆಯುತ್ತಲೇ ಇದ್ದ. ಇದನ್ನು ಕೇಳಿದ ಮೇಲೆ, ರಜೆ ಪೂರ್ತಿ ಮನೆಯಲ್ಲೇ ಇದ್ದ ಹುಡುಗನೊಬ್ಬ ಖಾಲಿ ಚೌಕದೊಳಗೆ ಹೀಗೆ ಬರೆದ:

ಎಲ್ಲರೂ ಊರಿಗೆ ಹೋದರು.
ಬೀದಿಯಲ್ಲಿ ನಾನು, ಚೆಂಡು, ಗೋಡೆ.
ಗೋಡೆ ಮಾತ್ರ ಪ್ರತಿ ಸಲ ವಾಪಸ್ ಎಸೆಯಿತು.

ಓದುವಾಗ ಅವನ ದನಿ ಗಟ್ಟಿಯಾಗಿತ್ತು. ಊರೂರು ಸುತ್ತಿ ಬಂದ ಮಕ್ಕಳು 'ಇನ್ನೊಂದು ಸಲ ಓದು' ಅಂದರು. ಈ ಪಾಠ ಮಾಡುವ ಯಾರೇ ಆಗಲಿ, ಖಾಲಿ ಚೌಕವನ್ನು ದಯವಿಟ್ಟು ಬಿಡಬೇಡಿ.

ತಿದ್ದುವ ಹಂತದಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ. ಒಂದು ಕೆಲಸ ಮಾತ್ರ ಕೊಟ್ಟೆ. ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಕವಿತೆ ಓದಿ, ಫೋಟೋ ಆಗಲೇ ಹೇಳಿದ ಮಾತು ಕವಿತೆಯಲ್ಲೂ ಇದ್ದರೆ ಅದನ್ನು ಹೊಡೆಯಿರಿ. ರೈಲಿನ ಕಿಟಕಿಯಿಂದ ತೆಗೆದ ಅಲುಗಾಡಿದ ಫೋಟೋ ತಂದಿದ್ದ ಹುಡುಗಿಯ ಕವಿತೆಯಲ್ಲಿ ಐದು ಸಾಲಿತ್ತು. ರೈಲು ವೇಗವಾಗಿ ಹೋಗುತ್ತಿತ್ತು, ನಾನು ಕಿಟಕಿ ಪಕ್ಕ ಕೂತಿದ್ದೆ, ಅಂತ ಎರಡು ಸಾಲು ಸುಮ್ನೆ ಹೇಳಿಕೆ. ಅವೆರಡನ್ನೂ ಅವಳೇ ಹೊಡೆದಳು. ಉಳಿದದ್ದು ಇಷ್ಟು:

ಕಿಟಕಿಯಾಚೆ ಮರಗಳು ಓಡಿದವು.
ಫೋಟೋದಲ್ಲಿ ಬರೀ ಗೀಟುಗಳು.
ನಿಂತಿದ್ದು ಗಾಜಿನ ಮೇಲೆ ನನ್ನ ಬೆರಳಚ್ಚು ಮಾತ್ರ.

ನಡುವಿನ ಸಾಲು ಫೋಟೋ ಹೇಳಿದ್ದನ್ನೇ ಹೇಳುತ್ತದಲ್ಲ ಅಂತ ಪಕ್ಕದವನು ಆಕ್ಷೇಪ ಎತ್ತಿದ. ಅವಳು ಒಪ್ಪಲಿಲ್ಲ. ಗೀಟು ಇಲ್ಲದಿದ್ದರೆ ಬೆರಳಚ್ಚು ನಿಂತದ್ದು ಗೊತ್ತಾಗಲ್ಲ ಅಂದಳು. ಇಬ್ಬರೂ ಸಾಕಷ್ಟು ಹೊತ್ತು ವಾದ ಮಾಡಿದರು. ನಾನು ನಡುವೆ ಹೋಗಲಿಲ್ಲ. ಒಂದು ಸಾಲು ಇರಬೇಕಾ ಬೇಡವಾ ಅಂತ ಎರಡು ಮಕ್ಕಳು ಇಷ್ಟು ಆಸ್ಥೆಯಿಂದ ಜಗಳ ಆಡುವುದು ಪ್ರಬಂಧದ ತರಗತಿಯಲ್ಲಿ ನಾನು ಕಂಡದ್ದಿಲ್ಲ. ಸಾಲು ಉಳಿಯಿತು. ನನಗೂ ಅವಳ ಮಾತೇ ಸರಿ ಅನ್ನಿಸುತ್ತದೆ.

ಕೊನೆಗೆ ಒಂದು ಆಟ. ಫೋಟೋಗಳನ್ನೆಲ್ಲ ಒಂದು ಗೋಡೆಗೆ ಹಚ್ಚಿದೆವು, ಕವಿತೆಗಳನ್ನು ಎದುರಿನ ಗೋಡೆಗೆ. ಯಾವುದರ ಮೇಲೂ ಹೆಸರಿಲ್ಲ. ಯಾವ ಕವಿತೆ ಯಾವ ಫೋಟೋದ್ದು ಅಂತ ಬೇರೆಯವರು ಹೊಂದಿಸಬೇಕು. ನೋಡಿದ ಕೂಡಲೇ ಹೊಂದಿದರೆ ಕವಿತೆ ಫೋಟೋವನ್ನೇ ಮತ್ತೆ ಹೇಳಿದೆ ಅಂತ ಲೆಕ್ಕ. ಎಷ್ಟು ನೋಡಿದರೂ ಹೊಂದದಿದ್ದರೆ ಕವಿತೆ ಫೋಟೋ ಬಿಟ್ಟು ದೂರ ಹೋಗಿದೆ. ಒಂದೆರಡು ನಿಮಿಷ ನಿಂತು, ಹಿಂದೆ ಮುಂದೆ ನೋಡಿ, 'ಓ, ಇದು!' ಅಂತ ಬಂದರೆ ಅದು ಸರಿಯಾದ ದೂರ. ಜಪಾನಿನಲ್ಲಿ ಹೈಗಾ ಅಂತ ಒಂದು ಕಲೆ ಇದೆ, ಒಂದೇ ಹಾಳೆಯಲ್ಲಿ ಚಿತ್ರ ಮತ್ತು ಹೈಕು. ಯೋಸಾ ಬುಸೋನ್ (1716–1784) ಕವಿಯೂ ಹೌದು, ಚಿತ್ರಕಾರನೂ ಹೌದು, ಅದರಲ್ಲಿ ಪಳಗಿದವನು. ಒಳ್ಳೆಯ ಹೈಗಾದಲ್ಲಿ ಕವಿತೆ ಹೇಳಿದ್ದನ್ನೇ ಚಿತ್ರ ಬರೆಯುವುದಿಲ್ಲ, ಎರಡರ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನಮ್ಮ ಮಕ್ಕಳು ಗೋಡೆಯಿಂದ ಗೋಡೆಗೆ ಓಡಾಡಿ ಅಳೆದದ್ದು ಆ ಜಾಗವನ್ನೇ.

ಅಪ್ಪನ ನೆರಳಿನ ಕವಿತೆಗೆ ಫೋಟೋ ಹುಡುಕಲು ಜಾಸ್ತಿ ಹೊತ್ತು ಹಿಡಿಯಿತು. ಎಲ್ಲರೂ ಗಂಡಸರಿಲ್ಲದ ಫೋಟೋಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. ನೆರಳು ಸಿಕ್ಕಿದ ಕೂಡಲೇ ಒಬ್ಬ ಹೇಳಿದ್ದು, 'ನಮ್ಮನೆ ಫೋಟೋದಲ್ಲಿ ಅಮ್ಮ ಇರಲ್ಲ.' ಆಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಫೋಟೋ ತೆಗೆಯುವವರು ಯಾರು, ಯಾವಾಗಲೂ ಬಿಟ್ಟುಹೋಗುವವರು ಯಾರು ಅಂತ ಹೇಳತೊಡಗಿದರು. ಮುಂದಿನ ಕವಿತೆಗೆ ವಿಷಯ ನಾನು ಹುಡುಕಬೇಕಾಗಿ ಬರಲಿಲ್ಲ.

ಮುಂದಿನ ರಜೆಗೆ ರಟ್ಟಿನ ಮೂಲೆಪಟ್ಟಿಗಳನ್ನು ರಜೆ ಶುರುವಾಗುವ ಮೊದಲೇ ಕೊಟ್ಟು ಕಳಿಸಬೇಕು ಅಂತಿದ್ದೇನೆ, ಜೊತೆಗೆ ಒಂದು ಪುಟ್ಟ ನೋಟ್‌ಬುಕ್. ಕ್ಯಾಮೆರಾ ಇದ್ದವರೂ ಇಲ್ಲದವರೂ ಅದನ್ನೇ ಕಣ್ಣ ಮುಂದೆ ಹಿಡಿದು ನೋಡಲಿ. ಒಂದು ಪುಟಕ್ಕೆ ಒಂದು ಖಾಲಿ ಚೌಕ, ಕೆಳಗೆ ಆಗ ಕೇಳಿದ ಒಂದು ಸದ್ದಿನ ಹೆಸರು. ವಾಪಸ್ ಬಂದ ಮೇಲೆ ಬರೆಯಲು ಅಷ್ಟು ಸಾಕು.